ಲಾಂಗ್‌ಟಾಂಗ್ ಕಣಿವೆಯಲ್ಲಿ ತಂಡದ ನಡಿಗೆ: ಎತ್ತರ, ಆರೋಗ್ಯ ಮತ್ತು ಒಂದು ದಿನದ ಬೆಲೆ

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಿಮಾಲಯದ ಕಾಲ್ನಡಿಗೆಯ ಆಸಕ್ತಿ ಈಚಿನ ವರ್ಷಗಳಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿ. ಹಿಂದೆ ಬದರಿ ಕೇದಾರಗಳಿಗೆ ಹೋಗಿಬರುವುದೇ ಜೀವಮಾನದ ಸಾಧನೆಯೆನಿಸಿತ್ತು. ಇಂದು ನಮ್ಮ ಸಂಘದ ಸದಸ್ಯರಲ್ಲಿ ಐವತ್ತು ದಾಟಿದವರೂ ಬೆನ್ನಿಗೆ ಚೀಲ ಕಟ್ಟಿಕೊಂಡು ನೇಪಾಳದ ಕಣಿವೆಗಳಲ್ಲಿ ವಾರಗಟ್ಟಲೆ ನಡೆದು ಬರುತ್ತಿದ್ದಾರೆ. ಪುಣೆಯಲ್ಲಿರುವ ನಮಗೆ ಸಿಂಹಗಡ, ರಾಜಗಡಗಳು ಭಾನುವಾರದ ಅಭ್ಯಾಸಕ್ಕೆ ಕೈಗೆಟುಕುವಂತಿರುವುದರಿಂದ, ಮುಂದಿನ ಹೆಜ್ಜೆ ಹಿಮಾಲಯವೇ ಎಂದು ಅನೇಕರು ಭಾವಿಸುತ್ತಾರೆ. ಆದರೆ ಸಹ್ಯಾದ್ರಿಗೂ ಹಿಮಾಲಯಕ್ಕೂ ನಡುವೆ ಇರುವ ಅಂತರ ಕೇವಲ ಏರಿನ ಅಂತರವಲ್ಲ, ಗಾಳಿಯ ಅಂತರ. ಈ ಒಂದು ವಿಷಯವನ್ನು ಸರಿಯಾಗಿ ತಿಳಿಯದೆ ಹೊರಟವರು ಪ್ರಾಣಕ್ಕೇ ಎರವಾದ ಉದಾಹರಣೆಗಳಿವೆ.

ಈ ಲೇಖಕ ವೈದ್ಯನಲ್ಲ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡುವವನು. ೨೦೨೩ರ ಅಕ್ಟೋಬರಿನಲ್ಲಿ ನಮ್ಮ ಹನ್ನೊಂದು ಜನರ ತಂಡ ನೇಪಾಳದ ಲಾಂಗ್‌ಟಾಂಗ್ ಕಣಿವೆಗೆ ಹೋಗುವ ಮುನ್ನ ಓದಿ ತಿಳಿದುದನ್ನೂ, ಅಲ್ಲಿ ಕಂಡುದನ್ನೂ ಸಾಮಾನ್ಯ ವಾಚಕರಿಗೆ ಅರ್ಥವಾಗುವಂತೆ ಹೇಳುವುದಷ್ಟೇ ಇಲ್ಲಿಯ ಉದ್ದೇಶ. ಔಷಧದ ಮಾತು ಬಂದಲ್ಲೆಲ್ಲ ತಮ್ಮ ವೈದ್ಯರ ಸಲಹೆಯೇ ಅಂತಿಮವೆಂದು ಓದುಗರು ಗ್ರಹಿಸಬೇಕು.

ಚಹಾಮನೆಯ ವ್ಯವಸ್ಥೆ

ನೇಪಾಳದಲ್ಲಿ ಡೇರೆ, ಸೀಮೆಎಣ್ಣೆ, ಅಡಿಗೆಯ ಸಾಮಾನುಗಳನ್ನು ಹೊರಿಸಿಕೊಂಡು ಹೋಗುವ ಯಾತ್ರೆ ಒಂದು ಬಗೆ. ದಾರಿಯುದ್ದಕ್ಕೂ ಇರುವ ವಸತಿಗೃಹಗಳಲ್ಲಿ ಉಂಡು ಮಲಗಿ ಮುಂದುವರಿಯುವ ಯಾತ್ರೆ ಇನ್ನೊಂದು ಬಗೆ. ಎರಡನೆಯದಕ್ಕೆ ಟೀ-ಹೌಸ್ ಟ್ರೆಕ್ ಎಂಬ ಹೆಸರು ರೂಢಿಯಾಗಿದೆ. ಹಿಂದೆ ವ್ಯಾಪಾರಿಗಳಿಗೂ ಹೊರೆಯಾಳುಗಳಿಗೂ ಚಹಾ, ಅನ್ನ ಒದಗಿಸಿ ರಾತ್ರಿ ಮಲಗಲು ಮೂಲೆಯೊಂದನ್ನು ಬಿಟ್ಟುಕೊಡುತ್ತಿದ್ದ ಭಟ್ಟಿಗಳೇ ಕ್ರಮೇಣ ಬೆಳೆದು ಇಂದಿನ ವಸತಿಗೃಹಗಳಾಗಿವೆ. ಸಾಮಾನ್ಯವಾಗಿ ಒಂದೊಂದು ಮನೆಯವರೇ ಇವನ್ನು ನಡೆಸುತ್ತಾರೆ. ನಡುವೆ ಒಲೆಯಿರುವ ಊಟದ ಕೋಣೆ ಬೆಚ್ಚಗಿರುತ್ತದೆ. ಮಲಗುವ ಕೋಣೆಗಳಿಗೆ ತೆಳುವಾದ ಹಲಗೆಯ ಗೋಡೆ, ಎರಡು ಮಂಚ, ದಪ್ಪ ಕಂಬಳಿ. ಕೋಣೆಯ ಬಾಡಿಗೆ ಅಲ್ಪ. ಆದರೆ ಎರಡು ಹೊತ್ತಿನ ಊಟವನ್ನು ಅದೇ ಮನೆಯಲ್ಲಿ ಮಾಡಬೇಕೆಂಬುದು ಅಲಿಖಿತ ಕರಾರು. ಮೇಲೆ ಹೋದಂತೆ ಊಟದ ಬೆಲೆಯೂ ಏರುತ್ತದೆ. ಅಕ್ಕಿ, ಬೇಳೆ, ಅನಿಲದ ಸಿಲಿಂಡರ್ ಎಲ್ಲವೂ ಹೇಸರಗತ್ತೆಯ ಅಥವಾ ಮನುಷ್ಯನ ಬೆನ್ನಮೇಲೆ ಬರಬೇಕಾದುದರಿಂದ ಇದು ನ್ಯಾಯವೇ ಆಗಿದೆ.

ಊಟದಲ್ಲಿ ದಾಲ್-ಭಾತ್ ಮುಖ್ಯ. ಅನ್ನ, ಬೇಳೆಯ ಸಾರು, ಆಲೂಗಡ್ಡೆಯ ಪಲ್ಯ, ಸೊಪ್ಪು. ಹೊಟ್ಟೆ ತುಂಬುವವರೆಗೆ ಮತ್ತೆ ಮತ್ತೆ ಬಡಿಸುತ್ತಾರೆ. ನಮ್ಮವರಿಗೆ ಇದು ಒಗ್ಗುತ್ತದೆ. ಜೊತೆಗೆ ಮನೆಯಿಂದ ಒಯ್ದ ಚಟ್ನಿಪುಡಿಯೊಂದಿದ್ದರೆ ಕೊರತೆಯೇ ಇಲ್ಲ.

ಭಾರತೀಯರಿಗೆ ನೇಪಾಳ ಪ್ರವೇಶಕ್ಕೆ ವೀಸಾ ಬೇಕಿಲ್ಲ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತುಚೀಟಿ ಇಟ್ಟುಕೊಂಡಿರಬೇಕು. ನಮ್ಮ ನೂರು ರೂಪಾಯಿಗೆ ನೇಪಾಳದ ನೂರರುವತ್ತು ರೂಪಾಯಿ ಎಂಬ ಸ್ಥಿರ ವಿನಿಮಯ ದರ ೧೯೯೩ರಿಂದ ಬದಲಾಗಿಲ್ಲ. ಕಣಿವೆಯಲ್ಲಿ ವ್ಯವಹಾರಕ್ಕೆ ನಗದನ್ನೇ ನಂಬಬೇಕಾದುದರಿಂದ ಒಟ್ಟು ವೆಚ್ಚಕ್ಕೆ ಬೇಕಾದ ನೇಪಾಳಿ ಹಣವನ್ನು, ಎರಡು ದಿನಗಳ ಹೆಚ್ಚುವರಿ ಖರ್ಚನ್ನೂ ಸೇರಿಸಿ, ಕಠ್ಮಂಡುವಿನಲ್ಲೇ ಪಡೆದುಕೊಳ್ಳುವುದು ಕ್ಷೇಮ. ಆ ಎರಡು ದಿನಗಳು ಏಕೆಂಬುದು ಮುಂದೆ ಸ್ಪಷ್ಟವಾಗುವುದು.

ಕಣಿವೆಯ ದಾರಿ

ಲಾಂಗ್‌ಟಾಂಗ್ ಕಣಿವೆ ಕಠ್ಮಂಡುವಿನ ಉತ್ತರಕ್ಕೆ, ಟಿಬೆಟ್ ಗಡಿಯ ಸಮೀಪದಲ್ಲಿದೆ. ೧೯೭೬ರಲ್ಲಿ ಇದು ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಗೆ ಸೇರಿತು. ಬ್ರಿಟಿಷ್ ಪರ್ವತಾರೋಹಿ ಟಿಲ್ಮನ್ ೧೯೪೯ರಲ್ಲಿ ಇಲ್ಲಿಗೆ ಬಂದ ಮೇಲೆ ಹೊರಜಗತ್ತಿಗೆ ಇದರ ಪರಿಚಯವಾಯಿತು. ಕಠ್ಮಂಡುವಿನಿಂದ ಧುಂಚೆಯ ಮೇಲೆ ಇಡೀ ದಿನ ಬಸ್ಸಿನಲ್ಲಿ ಪ್ರಯಾಣ ಮಾಡಿ ಸ್ಯಾಬ್ರುಬೇಸಿ ತಲುಪಿದರೆ ನಡಿಗೆ ಅಲ್ಲಿಂದ ಆರಂಭ. ಆ ಊರಿನ ಎತ್ತರ ಸುಮಾರು ೧,೫೦೦ ಮೀಟರ್. ಮರುದಿನ ನದಿಯ ದಡದ ದಟ್ಟ ಕಾಡಿನಲ್ಲಿ ಏರುತ್ತ ಸಂಜೆಗೆ ಲಾಮಾ ಹೋಟೆಲ್ ಎಂಬ ತಂಗುದಾಣ, ಸುಮಾರು ೨,೪೫೦ ಮೀಟರ್. ಅನಂತರ ಕಾಡು ತೆಳುವಾಗಿ ಕಣಿವೆ ಅಗಲವಾಗುವ ಘೋಡಾ ತಬೇಲಾ, ಸುಮಾರು ೩,೦೦೦ ಮೀಟರ್. ಅದರಾಚೆ ಥ್ಯಾಂಗ್‌ಸ್ಯಾಪ್, ಮುಂದೆ ಲಾಂಗ್‌ಟಾಂಗ್ ಗ್ರಾಮ, ೩,೪೩೦ ಮೀಟರ್. ಕೊನೆಯ ವಸತಿ ಕ್ಯಾಂಜಿನ್ ಗೊಂಪಾ, ಸುಮಾರು ೩,೮೭೦ ಮೀಟರ್, ಎಂದರೆ ೧೨,೭೦೦ ಅಡಿ. ಅಲ್ಲಿ ಹಳೆಯ ಬೌದ್ಧ ಮಂದಿರವೂ, ೧೯೫೦ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನವರ ನೆರವಿನಿಂದ ಆರಂಭವಾದ ಗಿಣ್ಣಿನ, ಅಂದರೆ ಚೀಸ್‌ನ, ಕಾರ್ಖಾನೆಯೂ ಇವೆ. ಮೇಲೆ ಲಾಂಗ್‌ಟಾಂಗ್ ಲಿರುಂಗ್ ಶಿಖರ ೭,೨೦೦ ಮೀಟರಿಗೂ ಮಿಗಿಲಾಗಿ ನಿಂತಿದೆ. ಕ್ಯಾಂಜಿನ್‌ನಿಂದ ಬೆಳಿಗ್ಗೆ ಹೊರಟು ಸುಮಾರು ೪,೭೦೦ ಮೀಟರಿನ ಕ್ಯಾಂಜಿನ್ ರೀ, ಅಥವಾ ಸುಮಾರು ೫,೦೦೦ ಮೀಟರಿನ ತ್ಸೆರ್ಕೋ ರೀ ಗುಡ್ಡವನ್ನು ಏರಿ ಸಂಜೆಗೆ ಮರಳುವುದು ಪದ್ಧತಿ.

ಈ ಅಂಕಿಗಳಿಗೆ ನಮ್ಮ ಅಳತೆಗೋಲನ್ನು ಹಿಡಿದು ನೋಡೋಣ. ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯ ಎತ್ತರ ಸುಮಾರು ೧,೯೩೦ ಮೀಟರ್. ಮಹಾರಾಷ್ಟ್ರದ ಕಳಸೂಬಾಯಿ ೧,೬೪೬ ಮೀಟರ್. ಎಂದರೆ ನಡಿಗೆಯ ಮೊದಲನೆಯ ಸಂಜೆಯೇ ನಾವು ಹುಟ್ಟಿದ ನಾಡಿನ ಮತ್ತು ನೆಲೆಸಿದ ನಾಡಿನ ಎಲ್ಲ ಬೆಟ್ಟಗಳನ್ನೂ ಕೆಳಗೆ ಬಿಟ್ಟಿರುತ್ತೇವೆ. ಅಲ್ಲಿಂದಾಚೆಗೆ ನಮ್ಮ ಹಿಂದಿನ ಅನುಭವ ಯಾವುದೂ ಆಧಾರವಾಗುವುದಿಲ್ಲ.

ಗಾಳಿ ತೆಳುವಾಗುವುದೆಂದರೆ ಏನು?

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆ ಎಂದು ಹೇಳುವುದುಂಟು. ಇದು ಪೂರ್ತಿ ಸರಿಯಲ್ಲ. ಸಮುದ್ರ ತೀರದಲ್ಲಿಯೂ ಎವರೆಸ್ಟಿನ ತುದಿಯಲ್ಲಿಯೂ ಗಾಳಿಯ ನೂರು ಭಾಗದಲ್ಲಿ ಆಮ್ಲಜನಕ ಸುಮಾರು ಇಪ್ಪತ್ತೊಂದು ಭಾಗವೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಮೇಲಿನ ಗಾಳಿಯ ಭಾರ ಇಳಿದಂತೆ ಗಾಳಿ ಸಡಿಲಗೊಂಡು, ಒಂದು ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ತಗ್ಗುತ್ತದೆ. ಕ್ಯಾಂಜಿನ್‌ನಲ್ಲಿ ಒಂದು ಉಸಿರಿಗೆ ಸಿಗುವುದು ಮುಂಬಯಿಯಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಿಗಿಂತ ತುಸು ಕಡಿಮೆ. ತ್ಸೆರ್ಕೋ ರೀ ತುದಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು.

ದೇಹ ಈ ಕೊರತೆಯನ್ನು ತುಂಬಿಕೊಳ್ಳಬಲ್ಲದು, ಆದರೆ ಅದಕ್ಕೆ ಕಾಲಾವಕಾಶ ಬೇಕು. ಮೊದಲು ಉಸಿರಾಟ ಹೆಚ್ಚುತ್ತದೆ, ನಾಡಿ ವೇಗವಾಗುತ್ತದೆ. ಉಸಿರು ಹೆಚ್ಚಿದಾಗ ಇಂಗಾಲಾಮ್ಲ ಹೆಚ್ಚಾಗಿ ಹೊರಹೋಗಿ ರಕ್ತದಲ್ಲಿ ಕ್ಷಾರಗುಣ ಏರುತ್ತದೆ. ಅದು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ಈ ಹೆಚ್ಚಿದ ಕ್ಷಾರವನ್ನು ಮೆಲ್ಲಮೆಲ್ಲನೆ ಹೊರಹಾಕಿದ ಮೇಲೆಯೇ ಉಸಿರಾಟ ಬೇಕಾದಷ್ಟು ಹೆಚ್ಚಲು ಸಾಧ್ಯ. ಈ ಕೆಲಸಕ್ಕೆ ಕೆಲವು ದಿನಗಳು ಹಿಡಿಯುತ್ತವೆ. ರಕ್ತದ ಕೆಂಪು ಕಣಗಳು ಗಣನೀಯವಾಗಿ ಹೆಚ್ಚಬೇಕಾದರೆ ವಾರಗಳೇ ಬೇಕು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಏರಿದ ಎತ್ತರ ಒಂದು ಸಾಲ. ಅದನ್ನು ದಿನಗಳ ಕಂತಿನಲ್ಲಿ ಮಾತ್ರ ತೀರಿಸಬಹುದು. ಹಣ, ವಯಸ್ಸು, ತೋಳ್ಬಲ ಯಾವುದನ್ನೂ ಅದರ ಬದಲಿಗೆ ಅದು ಸ್ವೀಕರಿಸದು.

ವ್ಯಾಯಾಮ ಮಾಡಿ ಗಟ್ಟಿಮುಟ್ಟಾದವರಿಗೆ ಈ ಕಾಯಿಲೆ ಬಾರದೆಂಬುದು ತಪ್ಪು ತಿಳಿವಳಿಕೆ. ದೇಹದಾರ್ಢ್ಯದಿಂದ ಏರು ಸುಲಭವಾಗುತ್ತದೆಯೇ ಹೊರತು ಎತ್ತರದ ಕಾಯಿಲೆಯಿಂದ ರಕ್ಷಣೆ ದೊರೆಯುವುದಿಲ್ಲ. ಬಲಶಾಲಿಯಾದ ಯುವಕ ವೇಗವಾಗಿ ಏರುವುದರಿಂದ ಅವನಿಗೇ ಅಪಾಯ ಹೆಚ್ಚು ಎನ್ನಲೂಬಹುದು.

ಕಾಯಿಲೆಯ ಮೂರು ರೂಪಗಳು

ಸುಮಾರು ೨,೫೦೦ ಮೀಟರ್ ದಾಟಿದ ಮೇಲೆ ಈ ಕಾಯಿಲೆಯ ಸಂಭವ ಆರಂಭವಾಗುತ್ತದೆ. ಮೊದಲನೆಯ ರೂಪ ಸೌಮ್ಯವಾದುದು. ಹೊಸ ಎತ್ತರವನ್ನು ತಲುಪಿದ ಕೆಲವು ಗಂಟೆಗಳಲ್ಲಿ, ಹೆಚ್ಚಾಗಿ ಆ ರಾತ್ರಿಯೇ, ತಲೆನೋವು ಬರುತ್ತದೆ. ಅದರೊಡನೆ ಊಟ ಸೇರದಿರುವುದು, ವಾಕರಿಕೆ, ಅತಿಯಾದ ಆಯಾಸ, ತಲೆಸುತ್ತು ಇವುಗಳಲ್ಲಿ ಒಂದೆರಡು ಕೂಡಿಕೊಳ್ಳುತ್ತವೆ. ಅದೇ ಎತ್ತರದಲ್ಲಿ ಒಂದೆರಡು ದಿನ ನಿಂತರೆ ಸಾಮಾನ್ಯವಾಗಿ ಇಳಿದುಹೋಗುತ್ತದೆ.

ಎರಡನೆಯದು ಮಿದುಳಿನ ಊತ. ಕಾಲು ತತ್ತರಿಸುವುದು, ಮಾತು ತೊದಲುವುದು, ವರ್ತನೆ ಬದಲಾಗುವುದು, ಕೊನೆಗೆ ಎಚ್ಚರ ತಪ್ಪುವುದು ಇದರ ಲಕ್ಷಣಗಳು. ಸಂದೇಹ ಬಂದಾಗ ಸರಳವಾದ ಪರೀಕ್ಷೆಯೊಂದಿದೆ: ನೆಲದ ಮೇಲೆ ನೇರವಾದ ಗೆರೆಯಲ್ಲಿ, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗುವಂತೆ ಹತ್ತು ಹೆಜ್ಜೆ ನಡೆಸುವುದು. ವಾಲದೆ ನಡೆಯಲಾಗದವರನ್ನು ತಡಮಾಡದೆ ಕೆಳಗಿಳಿಸಬೇಕು.

ಮೂರನೆಯದು ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು. ಇದು ಹೊಸ ಎತ್ತರದಲ್ಲಿ ಎರಡನೆಯ ರಾತ್ರಿಯಿಂದ ನಾಲ್ಕನೆಯ ರಾತ್ರಿಯೊಳಗೆ ಬರುವುದು ಹೆಚ್ಚು. ಮೊದಲು ಜೊತೆಯವರಿಗಿಂತ ಹಿಂದೆ ಬೀಳುವುದು, ಒಣಕೆಮ್ಮು. ಬಳಿಕ ಸುಮ್ಮನೆ ಕುಳಿತಾಗಲೂ ಏದುಸಿರು, ನೀಲಿಗಟ್ಟಿದ ತುಟಿ, ನಸುಗೆಂಪು ನೊರೆಯ ಕಫ. ತಲೆನೋವು ಇಲ್ಲದೆಯೂ ಇದು ಬರಬಹುದು. ಹಿಂದೆ ಇದನ್ನು ನ್ಯುಮೋನಿಯಾ ಎಂದು ತಪ್ಪಾಗಿ ತಿಳಿಯುತ್ತಿದ್ದರು. ಇದು ಎತ್ತರದಿಂದಲೇ ಬರುವ ಬೇರೊಂದು ಕಾಯಿಲೆಯೆಂಬುದನ್ನು ಅಮೆರಿಕದ ವೈದ್ಯ ಚಾರ್ಲ್ಸ್ ಹ್ಯೂಸ್ಟನ್ ೧೯೬೦ರಲ್ಲಿ ಪ್ರಕಟಿಸಿದ ಲೇಖನ ವೈದ್ಯಲೋಕದ ಗಮನಕ್ಕೆ ತಂದಿತು.

ಈ ವಿಷಯದಲ್ಲಿ ಭಾರತೀಯರ ಕೊಡುಗೆ ಸಣ್ಣದಲ್ಲ. ೧೯೬೨ರ ಚೀನಾ ಯುದ್ಧದ ಕಾಲದಲ್ಲಿ ಬಯಲುಸೀಮೆಯ ಸೈನಿಕರನ್ನು ಅವಸರದಿಂದ ಎತ್ತರದ ಗಡಿಗೆ ಸಾಗಿಸಬೇಕಾಗಿ ಬಂದಾಗ ಅನೇಕರು ಈ ಕಾಯಿಲೆಗೆ ತುತ್ತಾದರು. ಸೇನೆಯ ವೈದ್ಯಾಧಿಕಾರಿ ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು ೧,೯೨೫ ಸೈನಿಕರನ್ನು ಕುರಿತು ೧೯೬೯ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಆಧಾರಗ್ರಂಥದಂತೆ ಉಲ್ಲೇಖಗೊಳ್ಳುತ್ತಿದೆ. ನೇಪಾಳದಲ್ಲಿ ೧೯೭೩ರಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಸ್ಥಾಪನೆಯಾಗಿ, ಎವರೆಸ್ಟ್ ದಾರಿಯ ಫೆರಿಚೆಯಲ್ಲಿ ಚಿಕಿತ್ಸಾ ಠಾಣೆ ತೆರೆಯಿತು. ಅಲ್ಲಿ ೨೭೮ ಪಾದಯಾತ್ರಿಗಳನ್ನು ಪರೀಕ್ಷಿಸಿ ೧೯೭೬ರಲ್ಲಿ ಪ್ರಕಟವಾದ ವರದಿಯಂತೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಕಾಯಿಲೆ ಇತ್ತು. ಆದುದರಿಂದ ತಲೆನೋವು ಬಂದವರು ದುರ್ಬಲರೆಂದು ನಾಚಬೇಕಾದ ಕಾರಣವಿಲ್ಲ.

ತಂಡವೇ ಅಪಾಯವಾಗುವ ಬಗೆ

ಒಬ್ಬಂಟಿಯಾಗಿ ಹೋಗುವುದಕ್ಕಿಂತ ತಂಡದಲ್ಲಿ ಹೋಗುವುದು ಸುರಕ್ಷಿತವೆಂದು ನಾವೆಲ್ಲ ನಂಬಿದ್ದೇವೆ. ದಾರಿ ತಪ್ಪುವುದು, ಕಾಲು ಮುರಿಯುವುದು ಮುಂತಾದುವಕ್ಕೆ ಇದು ನಿಜ. ಎತ್ತರದ ಕಾಯಿಲೆಗೆ ಮಾತ್ರ ಇದು ತಿರುಗುಮುರುಗಾಗುವುದುಂಟು. ನೇಪಾಳದ ಪಾದಯಾತ್ರಿಗಳ ಮರಣದ ಕಾರಣಗಳನ್ನು ಕುರಿತು ೧೯೯೨ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಚಾರಯೋಗ್ಯವಾದ ಅಂಕಿಯೊಂದಿದೆ. ಸಂಘಟಿತ ತಂಡಗಳಲ್ಲಿ ನಡೆದವರು ಒಟ್ಟು ಪಾದಯಾತ್ರಿಗಳಲ್ಲಿ ಶೇಕಡ ೪೦ರಷ್ಟು. ಆದರೆ ಎತ್ತರದ ಕಾಯಿಲೆಯಿಂದ ಸತ್ತವರಲ್ಲಿ ಅವರ ಪಾಲು ಶೇಕಡ ೮೦.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಒಬ್ಬನೇ ಹೋದವನು ತಲೆ ನೋಯುತ್ತಿದ್ದರೆ ಅಲ್ಲೇ ಒಂದು ದಿನ ಉಳಿಯುತ್ತಾನೆ, ಯಾರನ್ನೂ ಕೇಳಬೇಕಿಲ್ಲ. ತಂಡದಲ್ಲಿರುವವನಿಗೆ ಮುಂಗಡ ಕೊಟ್ಟ ಕಾರ್ಯಕ್ರಮವಿದೆ, ಮರಳುವ ವಿಮಾನದ ಟಿಕೆಟ್ಟಿದೆ, ಕಛೇರಿಯ ರಜೆಯ ಲೆಕ್ಕವಿದೆ. ತನ್ನಿಂದ ಹತ್ತು ಜನರ ಯಾತ್ರೆ ಕೆಡಬಾರದೆಂಬ ದಾಕ್ಷಿಣ್ಯ ಎಲ್ಲಕ್ಕಿಂತ ಬಲವಾದುದು. ಆದುದರಿಂದ ಅವನು ಮಾತ್ರೆ ನುಂಗಿ, ನಗುತ್ತ, ಮರುದಿನ ಮೇಲಕ್ಕೆ ಹೆಜ್ಜೆ ಹಾಕುತ್ತಾನೆ. ನಮ್ಮ ಜನರಲ್ಲಿ ಈ ದಾಕ್ಷಿಣ್ಯ ಸ್ವಲ್ಪ ಹೆಚ್ಚೇ ಎಂದರೆ ತಪ್ಪಾಗಲಾರದು.

ವೈದ್ಯರು ಒಪ್ಪಿರುವ ನಿಯಮ ಸರಳವಾಗಿದೆ. ೩,೦೦೦ ಮೀಟರಿನಿಂದಾಚೆಗೆ, ಇಂದು ಮಲಗುವ ಸ್ಥಳ ನಿನ್ನೆ ಮಲಗಿದ ಸ್ಥಳಕ್ಕಿಂತ ೫೦೦ ಮೀಟರಿಗೂ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ಎರಡನೆಯ ರಾತ್ರಿ ಕಳೆಯಬೇಕು. ಹಗಲಿನಲ್ಲಿ ಹೆಚ್ಚು ಏರಿ ರಾತ್ರಿಗೆ ಇಳಿದು ಮಲಗಿದರೆ ಬಾಧಕವಿಲ್ಲ. ಲೆಕ್ಕಕ್ಕೆ ಬರುವುದು ಮಲಗುವ ಎತ್ತರ. ಈಗ ಲಾಂಗ್‌ಟಾಂಗ್ ಯಾತ್ರೆಯ ರೂಢಿಯ ಕಾರ್ಯಕ್ರಮವನ್ನು ನೋಡಿದರೆ, ಲಾಮಾ ಹೋಟೆಲಿನಿಂದ ಲಾಂಗ್‌ಟಾಂಗ್ ಗ್ರಾಮಕ್ಕೆ ಒಂದೇ ದಿನ. ಮಲಗುವ ಎತ್ತರ ಒಮ್ಮೆಗೇ ಸುಮಾರು ೯೮೦ ಮೀಟರ್ ಹಾರುತ್ತದೆ. ಕಣಿವೆಯಲ್ಲಿ ಅನೇಕರ ತಲೆನೋವು ಆರಂಭವಾಗುವುದು ಆ ರಾತ್ರಿಯೇ. ನಡುವೆ ಘೋಡಾ ತಬೇಲಾ ಅಥವಾ ಥ್ಯಾಂಗ್‌ಸ್ಯಾಪ್‌ನಲ್ಲಿ ಒಂದು ರಾತ್ರಿ ತಂಗಿದರೆ ಈ ಹಾರಿಕೆ ಎರಡು ಮೆಟ್ಟಿಲಾಗುತ್ತದೆ. ಅದಕ್ಕೆ ತಗಲುವುದು ಒಂದು ದಿನ ಮಾತ್ರ.

ಮೇಷ್ಟ್ರ ಊಟದ ತಟ್ಟೆ

ನಮ್ಮ ತಂಡದಲ್ಲಿ ಅರುವತ್ತೊಂದು ವರ್ಷದ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರಿದ್ದರು. ಎಲ್ಲರೂ ಅವರನ್ನು ಮೇಷ್ಟ್ರೆಂದೇ ಕರೆಯುವುದು. ಸಿಂಹಗಡವನ್ನು ವಾರಕ್ಕೊಮ್ಮೆ ಏರುವ ಗಟ್ಟಿಗರು. ಥ್ಯಾಂಗ್‌ಸ್ಯಾಪ್‌ನಲ್ಲಿ ತಂಗಿಯೇ ನಾವು ಲಾಂಗ್‌ಟಾಂಗ್ ಗ್ರಾಮಕ್ಕೆ ಬಂದಿದ್ದೆವು. ಆದರೂ ಆ ರಾತ್ರಿ ಮೇಷ್ಟ್ರು ತಟ್ಟೆಯಲ್ಲಿ ಅನ್ನವನ್ನು ಅತ್ತಿತ್ತ ಸರಿಸುತ್ತ ಕುಳಿತರು. ಏನೆಂದು ಕೇಳಿದರೆ, "ಏನಿಲ್ಲ, ಸ್ವಲ್ಪ ಗ್ಯಾಸು" ಎಂದರು. ನಮ್ಮ ಮಾರ್ಗದರ್ಶಿ ಆ ಕಡೆಯ ತಮಾಂಗ್ ಜನಾಂಗದ ಯುವಕ. ಅವನು ಅವರ ಮುಖವನ್ನಲ್ಲ, ತಟ್ಟೆಯನ್ನು ನೋಡಿದ. ಬಳಿಕ ಹತ್ತಿರ ಕುಳಿತು ಹಿಂದಿಯಲ್ಲಿ, "ಗುರೂಜಿ, ತಲೆ ಎಷ್ಟು ಹೊತ್ತಿನಿಂದ ನೋಯುತ್ತಿದೆ?" ಎಂದು ಕೇಳಿದ. ತಲೆ ನೋಯುತ್ತಿದೆಯೇ ಎಂದು ಕೇಳಲಿಲ್ಲವೆಂಬುದನ್ನು ಗಮನಿಸಬೇಕು. ಮಧ್ಯಾಹ್ನದಿಂದ ಎಂಬ ಉತ್ತರ ಬಂದಿತು. ಊಟದ ಕೋಣೆಯ ಹಲಗೆಯ ಸಾಲಿನ ಮೇಲೆ ಅವರನ್ನು ಹಿಮ್ಮಡಿಗೆ ಬೆರಳು ತಾಗಿಸಿ ನಡೆಸಿದ. ನಡಿಗೆ ನೆಟ್ಟಗಿತ್ತು. ಹಾಗಾದರೆ ಇಳಿಯಬೇಕಿಲ್ಲ, ಆದರೆ ನಾಳೆ ಏರುವಂತೆಯೂ ಇಲ್ಲ ಎಂದು ತೀರ್ಮಾನವಾಯಿತು.

ಚರ್ಚೆ ನಡೆಯಿತು. ರಜೆ ಎಣಿಸಿ ತಂದಿದ್ದ ಇಬ್ಬರು ತರುಣರಿಗೆ, ಈ ದಿನ ಹೋದರೆ ತ್ಸೆರ್ಕೋ ರೀ ಏರುವ ಅವಕಾಶ ತಪ್ಪುತ್ತದೆಂಬ ಬೇಸರ. "ನನ್ನನ್ನು ಇಲ್ಲಿ ಬಿಟ್ಟು ನೀವೆಲ್ಲ ಹೋಗಿಬನ್ನಿ" ಎಂದು ಮೇಷ್ಟ್ರು. ಖರ್ಚಿನ ಲೆಕ್ಕ ನನ್ನ ಬಳಿಯಿತ್ತು. ಹನ್ನೊಂದು ಜನರೂ, ಹೊರೆಯಾಳುಗಳೂ ಒಂದು ದಿನ ಹೆಚ್ಚು ಉಳಿದರೆ ತಲಾ ಎಷ್ಟಾಗುವುದೆಂದು ಕೂಡಿ ಹೇಳಿದೆ. ಪುಣೆಯ ಸಾಧಾರಣ ಹೋಟೆಲಿನಲ್ಲಿ ಒಂದು ಸಂಜೆ ಸಂಸಾರ ಸಮೇತ ಊಟ ಮಾಡಿದಷ್ಟೂ ಆಗಲಿಲ್ಲ. ಹೊರಡುವಾಗಲೇ ಎರಡು ದಿನ ಕೈಯಲ್ಲಿಟ್ಟುಕೊಂಡಿದ್ದೆವಾದ್ದರಿಂದ ವಿಮಾನಕ್ಕೂ ತೊಂದರೆಯಿರಲಿಲ್ಲ. ಎಲ್ಲರೂ ಉಳಿದೆವು. ಮಾರನೆಯ ದಿನ ಸಂಜೆಗೆ ತಲೆನೋವು ಇಳಿಯಿತು. ಮೇಷ್ಟ್ರು ಎರಡು ಸಲ ಅನ್ನ ಹಾಕಿಸಿಕೊಂಡರು. ಅದರ ಮರುದಿನ ತಂಡ ಪೂರ್ತಿಯಾಗಿ ಕ್ಯಾಂಜಿನ್ ತಲುಪಿತು. ತ್ಸೆರ್ಕೋ ರೀ ಬಿಟ್ಟೆವು. ಕ್ಯಾಂಜಿನ್ ರೀಯ ಕೆಳಗಿನ ದಿಬ್ಬದವರೆಗೆ ಹೋಗಿ ಹಿಮನದಿಯನ್ನು ಕಂಡು ಬಂದೆವು.

ಕ್ಯಾಂಜಿನ್‌ನಲ್ಲಿ ನಾವಿದ್ದ ಮನೆಯಲ್ಲೇ ಬೇರೊಂದು ನಗರದ ತಂಡವೂ ಇತ್ತು. ಅವರಲ್ಲಿ ಮೂವತ್ತರ ಒಳಗಿನ, ಕ್ರೀಡಾಪಟುವಿನಂಥ ಯುವಕನೊಬ್ಬ ಎರಡು ದಿನದಿಂದ ಕೆಮ್ಮುತ್ತಿದ್ದನಂತೆ. ಧೂಳಿನ ಕೆಮ್ಮೆಂದು ಎಲ್ಲರೂ ತಿಳಿದಿದ್ದರು. ನಡುರಾತ್ರಿ ಅವನಿಗೆ ಮಲಗಿ ಉಸಿರಾಡಲು ಆಗಲಿಲ್ಲ. ಬೆಳಕು ಹರಿಯುವುದನ್ನೂ ಕಾಯದೆ ಮಾರ್ಗದರ್ಶಿಗಳು ಅವನನ್ನು ಸರದಿಯ ಮೇಲೆ ಬೆನ್ನಿಗೆ ಕಟ್ಟಿಕೊಂಡು ಇಳಿದರು. ಘೋಡಾ ತಬೇಲಾದ ಹೊತ್ತಿಗೆ ಅವನು ಎದ್ದು ಕುಳಿತು ಚಹಾ ಕುಡಿದನೆಂದು ಮರಳಿ ಬಂದ ಹೊರೆಯಾಳು ತಿಳಿಸಿದ. ಮೇಲೆ ಇನ್ನೊಂದು ರಾತ್ರಿ ಕಳೆದಿದ್ದರೆ ಏನಾಗುತ್ತಿತ್ತೆಂಬುದನ್ನು ಅವನು ವಿವರಿಸಲಿಲ್ಲ, ನಾವೂ ಕೇಳಲಿಲ್ಲ.

ಮದ್ದು, ಮನೆಮದ್ದು ಮತ್ತು ಯಂತ್ರ

ಈ ಕಾಯಿಲೆಗೆ ಕೆಳಗಿಳಿಯುವುದೇ ನಿಶ್ಚಿತವಾದ ಮದ್ದು. ಮುನ್ನೆಚ್ಚರಿಕೆಗಾಗಿ ಅಸಿಟಜೋಲಮೈಡ್ ಎಂಬ ಮಾತ್ರೆಯುಂಟು. ಡಯಾಮಾಕ್ಸ್ ಎಂಬ ಹೆಸರಿನಿಂದ ಅದು ಪ್ರಸಿದ್ಧ. ವಯಸ್ಕರಿಗೆ ಸಾಮಾನ್ಯವಾಗಿ ೧೨೫ ಮಿಲಿಗ್ರಾಂ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ ಆರಂಭಿಸಿ ಕೊಡುತ್ತಾರೆ. ಮೂತ್ರಪಿಂಡಗಳು ಕ್ಷಾರವನ್ನು ಹೊರಹಾಕುವ ಕೆಲಸವನ್ನು ಅದು ಚುರುಕುಗೊಳಿಸುತ್ತದೆ. ಬೆರಳ ತುದಿ ಜುಮುಜುಮುಗುಟ್ಟುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಇದರ ಸಾಮಾನ್ಯ ಪರಿಣಾಮಗಳು. ಸಲ್ಫಾ ಔಷಧ ಒಗ್ಗದವರೂ, ಮೂತ್ರಪಿಂಡದ ತೊಂದರೆಯಿರುವವರೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಮಾತ್ರೆ ನುಂಗಿದ ಮಾತ್ರಕ್ಕೆ ವೇಗವಾಗಿ ಏರಲು ಪರವಾನಗಿ ದೊರೆತಂತಲ್ಲ.

ಕರ್ಪೂರದ ಗಂಟನ್ನು ಕೊರಳಿಗೆ ಕಟ್ಟಿಕೊಂಡು ಮೂಸುತ್ತ ನಡೆಯುವ ರೂಢಿ ನಮ್ಮ ಯಾತ್ರಿಕರಲ್ಲಿದೆ. ಮೂಗು ತೆರೆದಂತೆನಿಸಬಹುದು, ಗಾಳಿಯ ಒತ್ತಡವಂತೂ ಅದರಿಂದ ಹೆಚ್ಚುವುದಿಲ್ಲ. ಚಹಾಮನೆಗಳಲ್ಲಿ ಕೊಡುವ ಬೆಳ್ಳುಳ್ಳಿಯ ಸೂಪು ಬಿಸಿಯಾಗಿ, ರುಚಿಯಾಗಿ ನೀರನ್ನೂ ಉಪ್ಪನ್ನೂ ಒದಗಿಸುತ್ತದೆ. ಆ ಮಟ್ಟಿಗೆ ಒಳ್ಳೆಯದು, ಆದರೆ ಅದು ಔಷಧವಲ್ಲ. ನೀರು ಬೇಕಾದಷ್ಟು ಕುಡಿಯಬೇಕು. ಅದಕ್ಕೂ ಮಿತಿಯಿದೆ, ಲೀಟರುಗಟ್ಟಲೆ ಕುಡಿದರೆ ಕಾಯಿಲೆ ದೂರವಾಗುವುದಿಲ್ಲ. ಮದ್ಯವನ್ನೂ ನಿದ್ರೆಮಾತ್ರೆಯನ್ನೂ ವರ್ಜಿಸುವುದು ಉತ್ತಮ. ರಾತ್ರಿ ಪಕ್ಕದವರ ಉಸಿರು ಕೆಲವು ಕ್ಷಣ ನಿಂತು, ಮತ್ತೆ ದೀರ್ಘವಾಗಿ ಆರಂಭವಾಗುವುದನ್ನು ಕೇಳಿ ಗಾಬರಿಯಾಗುವುದುಂಟು. ಎತ್ತರದಲ್ಲಿ ಇದು ಸಹಜ. ಅಷ್ಟರಿಂದಲೇ ಕಾಯಿಲೆಯೆಂದು ತಿಳಿಯಬೇಕಿಲ್ಲ.

೨೦೨೦ ಮತ್ತು ೨೦೨೧ರ ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಮನೆಗೂ ಬಂದಿತು. ಅನೇಕರು ಅದನ್ನು ಹಿಮಾಲಯಕ್ಕೂ ಒಯ್ಯುತ್ತಾರೆ. ಊರಿನಲ್ಲಿ ೯೪ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಓಡಬೇಕಾಗಿದ್ದಿತು. ಕ್ಯಾಂಜಿನ್‌ನಂಥ ಎತ್ತರದಲ್ಲಿ ಆರೋಗ್ಯವಂತರಿಗೂ ಅದು ತೊಂಬತ್ತರ ಕೆಳಗೆ ತೋರಿಸುವುದು ಸಾಮಾನ್ಯ. ಸಂಖ್ಯೆಯನ್ನು ನೋಡಿ ಹೆದರುವುದೂ ಬೇಡ. ಸಂಖ್ಯೆ ಚೆನ್ನಾಗಿದೆಯೆಂದು ತಲೆನೋವನ್ನು ಅಲಕ್ಷಿಸುವುದೂ ಬೇಡ. ಯಂತ್ರಕ್ಕಿಂತ ಊಟದ ತಟ್ಟೆ, ನಡಿಗೆ, ಉಸಿರು ಹೆಚ್ಚು ನಂಬಬಹುದಾದ ಸಾಕ್ಷಿಗಳು.

ಹೊರಡುವ ಮುನ್ನ

ರಕ್ತದೊತ್ತಡ, ಮಧುಮೇಹ, ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವವರು ಮೂರು ತಿಂಗಳು ಮುಂಚಿತವಾಗಿಯೇ ವೈದ್ಯರ ಸಲಹೆ ಪಡೆಯಬೇಕು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ. ಅದನ್ನು ಮೈಗೆ ತಗಲಿದಂತೆ ಇಟ್ಟುಕೊಳ್ಳಬೇಕು. ಇಳಿಯುವಾಗ ಮಂಡಿಗೆ ಬೀಳುವ ಭಾರ ತಗ್ಗಿಸಲು ಊರುಗೋಲು ಉಪಯುಕ್ತ.

ವಿಮಾ ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದುವುದು ವೃತ್ತಿಯ ಅಭ್ಯಾಸವಾದ್ದರಿಂದ ಇದೊಂದನ್ನು ಒತ್ತಿ ಹೇಳುತ್ತೇನೆ. ಪಾಲಿಸಿ ಎಷ್ಟು ಎತ್ತರದವರೆಗೆ ಅನ್ವಯಿಸುತ್ತದೆ, ಹೆಲಿಕಾಪ್ಟರಿನಲ್ಲಿ ಕೆಳಗೆ ತರುವ ವೆಚ್ಚವನ್ನು ಭರಿಸುತ್ತದೆಯೇ, ಅದಕ್ಕೆ ಮೊದಲು ಯಾರ ಒಪ್ಪಿಗೆ ಬೇಕು ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯದೆ ಹಣ ಕಟ್ಟಬಾರದು. ಮಾರ್ಗದರ್ಶಿಯನ್ನು ಕರೆದೊಯ್ಯುವ ಬಗ್ಗೆ ನೇಪಾಳ ೨೦೨೩ರಲ್ಲಿ ಹೊಸ ನಿಯಮ ಮಾಡಿದೆ. ಅದರ ವಿವರವನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ನಿಯಮವಿರಲಿ ಬಿಡಲಿ, ಅನುಭವಿಯಾದ ಮಾರ್ಗದರ್ಶಿಯೊಬ್ಬ ಜೊತೆಗಿರುವುದು ಮೇಲು.

ತಂಡ ಹೊರಡುವ ಮುನ್ನವೇ, ಎಲ್ಲರೂ ಊರಿನಲ್ಲಿ ಶಾಂತವಾಗಿ ಕುಳಿತಿರುವಾಗ, ನಾಲ್ಕು ನಿರ್ಣಯಗಳನ್ನು ಬರೆದಿಡುವುದು ಲೇಸು. ಒಂದು, ತಲೆನೋವನ್ನು ಮುಚ್ಚಿಡುವುದಿಲ್ಲ; ಪ್ರತಿ ರಾತ್ರಿ ಊಟದ ವೇಳೆಯಲ್ಲಿ ಪ್ರತಿಯೊಬ್ಬರನ್ನೂ ಕೇಳಲಾಗುವುದು. ಎರಡು, ಲಕ್ಷಣ ಇರುವವರೆಗೆ ಮೇಲೆ ಹೋಗಿ ಮಲಗುವುದಿಲ್ಲ. ಅದು ಹೆಚ್ಚಾದರೆ ಹಗಲಿರುಳೆನ್ನದೆ ಇಳಿಯುವುದು. ಮೂರು, ಕಾಯಿಲೆಯವರನ್ನು ಒಬ್ಬರನ್ನೇ ಬಿಡುವುದಿಲ್ಲ, ಒಬ್ಬರನ್ನೇ ಇಳಿಯಗೊಡುವುದೂ ಇಲ್ಲ. ನಾಲ್ಕು, ಕಾರ್ಯಕ್ರಮದಲ್ಲಿ ಎರಡು ದಿನ ಖಾಲಿ ಇರತಕ್ಕದ್ದು. ಇವೆಲ್ಲ ಹೊರೆಯಾಳುಗಳಿಗೂ ಅನ್ವಯಿಸಬೇಕು. ಅವರಲ್ಲಿ ಅನೇಕರು ತಗ್ಗಿನ ಊರುಗಳಿಂದ ಬಂದವರು. ಎತ್ತರ ಅವರನ್ನೂ ಬಿಡುವುದಿಲ್ಲ. ಕೂಲಿ ತಪ್ಪೀತೆಂಬ ಭಯದಿಂದ ನಮಗಿಂತ ಹೆಚ್ಚಾಗಿ ಅವರು ತಲೆನೋವನ್ನು ಅಡಗಿಸುತ್ತಾರೆ. ಉಳಿದ ದಿನದ ಕೂಲಿಯೂ ಸಿಗುವುದೆಂದು ಮೊದಲೇ ಹೇಳಿದರೆ ಅವರು ನಿಜ ಹೇಳುತ್ತಾರೆ.

ಮತ್ತೆ ಕಟ್ಟಿದ ಊರು

ಲಾಂಗ್‌ಟಾಂಗ್ ಗ್ರಾಮವನ್ನು ಕುರಿತು ಇನ್ನೊಂದು ಮಾತು ಹೇಳಲೇಬೇಕು. ೨೦೧೫ರ ಏಪ್ರಿಲ್ ೨೫ರಂದು, ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು, ನೇಪಾಳದಲ್ಲಿ ೭.೮ ಪ್ರಮಾಣದ ಭೂಕಂಪವಾಯಿತು. ಊರಿನ ಮೇಲಿನ ಪರ್ವತದಿಂದ ಕಳಚಿಬಿದ್ದ ಹಿಮ ಮತ್ತು ಬಂಡೆಗಳ ರಾಶಿ ಇಡೀ ಗ್ರಾಮವನ್ನು ಹೂತುಹಾಕಿತು. ಕಣಿವೆಯಲ್ಲಿ ಮುನ್ನೂರಕ್ಕೂ ಹೆಚ್ಚು ಜನ, ಅಲ್ಲಿಯ ನಿವಾಸಿಗಳೂ ಯಾತ್ರಿಗಳೂ ಸೇರಿ, ಮಡಿದರು. ಬದುಕುಳಿದವರು ಮರಳಿ ಬಂದು ಸಮೀಪದಲ್ಲೇ ಹೊಸ ಮನೆಗಳನ್ನು ಕಟ್ಟಿದರು. ಇಂದು ನಾವು ಉಂಡು ಮಲಗುವ ಚಹಾಮನೆಗಳು ಅವೇ. ಹಳೆಯ ಊರಿದ್ದ ಜಾಗದಲ್ಲಿ ಈಗ ಕಲ್ಲುಗಳ ಹರವಿನ ಮೇಲೆ ದಾರಿ ಸಾಗುತ್ತದೆ. ಮಡಿದವರ ಹೆಸರುಗಳನ್ನು ಬರೆದ ಸ್ಮಾರಕವಿದೆ. ನಮಗೆ ಅನ್ನ ಬಡಿಸಿದ ಮನೆಯೊಡತಿಯ ಬಂಧುಗಳ ಹೆಸರುಗಳೂ ಅದರಲ್ಲಿದ್ದುವು.

ಭೂಕಂಪವನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಎತ್ತರದ ಕಾಯಿಲೆ ಹಾಗಲ್ಲ. ಅದು ಮುಂಚಿತವಾ��ಿ ತಿಳಿಸಿಯೇ ಬರುತ್ತದೆ, ಬಾಗಿಲಲ್ಲಿ ನಿಂತು ಕಾಯುತ್ತದೆ, ಕೇಳಿಕೊಂಡರೆ ಮರಳಿ ಹೋಗುತ್ತದೆ. ಅದಕ್ಕೆ ಕೊಡಬೇಕಾದುದು ಒಂದು ದಿನ. ಆ ದಿನ ನಾವು ಉಳಿದರೆ ಒಬ್ಬರ ಪ್ರಾಣಕ್ಕೆ ಕ್ಷೇಮ. ಮತ್ತೆ ಊರು ಕಟ್ಟಿಕೊಂಡವರ ಒಲೆಗೂ ಒಂದು ದಿನದ ಆದಾಯ. ಮುಂದಿನ ವರ್ಷ ಹಿಮಾಲಯಕ್ಕೆ ಹೊರಡಲಿರುವ ನಮ್ಮ ಸಂಘದ ಬಂಧುಗಳು ಟಿಕೆಟ್ಟು ಕಾದಿರಿಸುವಾಗಲೇ ಆ ದಿನವನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಲಿ ಎಂದು ವಿನಂತಿ.